1966ರ ಮಸ್ಟಾಂಗ್ ಕನ್ವರ್ಟಿಬಲ್‌ಗೆ ಹಳೇ ಎಸಿ ರಿಪೇರಿ ಮಾಡ್ಸೋದಾ, ಹೊಸ ಕಿಟ್ ಹಾಕ್ಸೋದಾ? ಮಲ್ನಾಡ್ ಮಳೆ ಗೊತ್ತಿರೋರು ಹೇಳಿ

ತುಂಗಾತೀರ66:

ಎಲ್ಲರಿಗೂ ನಮಸ್ಕಾರ. ನಮ್ಮದು ತೀರ್ಥಹಳ್ಳಿಯಿಂದ ಸ್ವಲ್ಪ ಒಳಗೆ, ತೋಟದ ಮನೆ. ದೊಡ್ಡಪ್ಪಂದು ಒಂದು ಕಾರಿದೆ, 1966ರ ಫೋರ್ಡ್ ಮಸ್ಟಾಂಗ್ ಕನ್ವರ್ಟಿಬಲ್, 289 ವಿ8 ಇಂಜಿನ್ ಅಂದ್ರೆ 4.7 ಲೀಟರ್, ಆಟೋಮ್ಯಾಟಿಕ್ ಗೇರು, ಸ್ಟೇರಿಂಗ್ ಎಡಗಡೆ. ಎಂಬತ್ತರ ದಶಕದಲ್ಲಿ ಅಡಿಕೆಗೆ ಒಳ್ಳೆ ರೇಟ್ ಸಿಕ್ಕಿದ ಒಂದು ವರ್ಷ ಬೆಂಗಳೂರಿಗೆ ಹೋಗಿ ತಗೊಂಡು ಬಂದಿದ್ದು, ಊರಿಗೆ ಬಂದ ದಿನ ಶಾಲೆ ಮಕ್ಕಳೆಲ್ಲ ಕಾರಿನ ಹಿಂದೆ ಓಡಿದ್ರು ಅಂತ ಅಪ್ಪಯ್ಯ ಈಗ್ಲೂ ಹೇಳ್ತಾರೆ. 2009ರಿಂದ ಅಡಿಕೆ ಬೇಯಿಸೋ ಒಲೆ ಪಕ್ಕದ ಶೆಡ್ಡಲ್ಲಿ ನಿಂತೇ ಇತ್ತು. ಹೋದ ವರ್ಷ ನಾನು ಕೈ ಹಾಕ್ದೆ, ಕಾರ್ಬುರೇಟರ್, ಪೆಟ್ರೋಲ್ ಟ್ಯಾಂಕ್, ಬ್ರೇಕಿಂದು ಸಿಲಿಂಡರ್ ಎಲ್ಲ ಆತು, ಇಂಜಿನ್ ಒಂದೇ ಸೆಲ್ಫಿಗೆ ಸ್ಟಾರ್ಟ್ ಆಗ್ತದೆ.

ಈಗ ಬಾಕಿ ಇರೋದು ಎಸಿ. ಡ್ಯಾಶ್ ಬೋರ್ಡ್ ಕೆಳಗೆ ನೇತು ಹಾಕಿದ ಹಾಗೆ ಒಂದು ಪೆಟ್ಟಿಗೆ ಇದೆ, ಇಂಜಿನ್ ಹತ್ರ ಯಾರ್ಕ್ ಅಂತ ಬರೆದ ದೊಡ್ಡ ಕಂಪ್ರೆಸರ್, ಒಬ್ಬನೇ ಎತ್ತೋದು ಕಷ್ಟ ಅಷ್ಟು ತೂಕ. ಕೈಯಲ್ಲಿ ತಿರುಗಿಸಿದ್ರೆ ತಿರುಗ್ತದೆ, ಜಾಮ್ ಆಗಿಲ್ಲ. ಗ್ಯಾಸ್ ಯಾವಾಗ ಖಾಲಿಯಾಯ್ತೋ ದೊಡ್ಡಪ್ಪಂಗೂ ನೆನಪಿಲ್ಲ.

ಮೂರು ಜನ ಮೂರು ಥರ ಹೇಳ್ತಿದ್ದಾರೆ. ಒಬ್ರು ಪೈಪ್ ಬದಲಾಯಿಸಿ 134ಎ ಗ್ಯಾಸ್ ತುಂಬಿದ್ರೆ ಮುಗೀತು, ಅರ್ಧ ದಿನದ ಕೆಲಸ ಅಂದ್ರು. ಇನ್ನೊಬ್ರು ಅದನ್ನೆಲ್ಲ ಗುಜರಿಗೆ ಹಾಕಿ ಹೊಸ ಕಿಟ್ ತರಿಸಿ ಅಂದ್ರು. ಮೂರನೆಯವರು, ಟಾಪ್ ಬಿಚ್ಚೋ ಕಾರಿಗೆ, ಅದೂ ನಮ್ಮೂರಲ್ಲಿ, ಎಸಿ ಎಂತಕ್ಕೆ ಅಂತ ಕೇಳಿದ್ರು. ದೊಡ್ಡಪ್ಪಂಗೆ 79 ವರ್ಷ. ಎಸಿ ಕಾರಿನ ಜೊತೆಗೇ ಬಂದಿದ್ದು, ಇರ್ಬೇಕು ಅಂತಾರೆ. ಅದಕ್ಕಿಂತ ಹೆಚ್ಚಾಗಿ, ದೊಡ್ಡಮ್ಮ ಆಗ ಕೆಂಪು ಧೂಳಿಗೆ ಹೆದರಿ ಟಾಪ್ ಹಾಕಿ ಎಸಿ ಆನ್ ಮಾಡಿದ್ರೆ ಮಾತ್ರ ಕೂರ್ತಿದ್ರಂತೆ, ಅವರನ್ನ ಇನ್ನೊಂದ್ಸಲ ಮಂಡಗದ್ದೆ ಮೇಲಿಂದ ಶಿವಮೊಗ್ಗಕ್ಕೆ ಕರ್ಕೊಂಡು ಹೋಗ್ಬೇಕು ಅನ್ನೋದು ಅವರ ಆಸೆ. ನಂಗೂ ಅದೇ ಆಸೆ.

ಇನ್ನೊಂದು ವಿಷಯ, ಇದು ಎಸಿಗೆ ಸಂಬಂಧ ಪಟ್ಟಿದ್ದಾ ಗೊತ್ತಿಲ್ಲ. ಕಾರು ತೊಳೆದ ಮಾರನೇ ದಿನ ಬಲಗಡೆ ಸೀಟಿನ ಕಾಲಡಿ ಕಾರ್ಪೆಟ್ ಒದ್ದೆ ಇರ್ತದೆ, ಮುಗ್ಗಲು ವಾಸನೆ. ಎಸಿ ಓಡ್ತಾನೇ ಇಲ್ಲ, ಹಾಗಾಗಿ ಎಸಿ ನೀರಂತೂ ಅಲ್ಲ. ತಿಳಿದೋರು ದಯವಿಟ್ಟು ಹೇಳಿ, ಮಳೆ ಹಿಡಿಯೋದಕ್ಕೆ ಇನ್ನು ಮೂರೇ ತಿಂಗಳು ಇರೋದು.

ಶಿವಮೊಗ್ಗ_ಕೂಲಿಂಗ್:

ಬ್ರದರ್, ನಾನು ಶಿವಮೊಗ್ಗದಲ್ಲಿ 22 ವರ್ಷದಿಂದ ಗಾಡಿ ಎಸಿ ಕೆಲಸಾನೇ ಮಾಡ್ತಿರೋದು. ಅರ್ಧ ದಿನದಲ್ಲಿ 134ಎ ತುಂಬಿ ಕಳಿಸೋ ಕೆಲಸಕ್ಕೆ ದಯವಿಟ್ಟು ಒಪ್ಕೋಬೇಡಿ. ಒಂದು ವಾರ ತಣ್ಣಗಿರುತ್ತೆ, ಆಮೇಲೆ ಕಂಪ್ರೆಸರ್ ಹೋಗುತ್ತೆ, ಯಾಕೆ ಅಂತ ಹೇಳ್ತೀನಿ.

ನಿಮ್ಮ ಗಾಡಿ ಕಾಲದ್ದು ಆರ್-12 ಗ್ಯಾಸ್. ಓಝೋನ್ ಪದರಕ್ಕೆ ತೂತು ಬೀಳುತ್ತೆ ಅಂತ 1987ರ ಮಾಂಟ್ರಿಯಲ್ ಒಪ್ಪಂದದಲ್ಲಿ ಅದನ್ನ ಹಂತ ಹಂತವಾಗಿ ನಿಲ್ಲಿಸೋಕೆ ತೀರ್ಮಾನ ಆಯ್ತು, ಅಮೆರಿಕದಲ್ಲಿ 1995ರ ಕೊನೆಗೆ ತಯಾರಿಕೆ ನಿಂತೋಯ್ತು, ನಮ್ಮಲ್ಲೂ ಆಮೇಲೆ ನಿಂತಿದೆ. ಈಗ ಯಾರಾದ್ರೂ ಒರಿಜಿನಲ್ ಆರ್-12 ಇದೆ ಅಂತ ಕೊಟ್ರೆ ನಂಬೋಕೆ ಹೋಗ್ಬೇಡಿ. ಅಡುಗೆ ಗ್ಯಾಸ್ ಥರದ್ದನ್ನ ತುಂಬಿ ಕೊಡೋರೂ ಇದಾರೆ, ಅದು ಲೀಕ್ ಆಗೋದು ನಿಮ್ಮ ಮೊಣಕಾಲಿನ ಮುಂದೆ ಇರೋ ಪೆಟ್ಟಿಗೇಲಿ, ಒಂದು ಕಿಡಿ ಸಾಕು. ಅದು ಬೇಡವೇ ಬೇಡ.

ಅದರ ಬದಲಿಗೆ ಬಂದ 134ಎ ಗ್ಯಾಸ್ ಹಾಕ್ಬಹುದು, ಆದ್ರೆ ಆರ್-12 ಜೊತೆ ಓಡ್ತಿದ್ದ ಮಿನರಲ್ ಆಯಿಲ್ 134ಎ ಜೊತೆ ಬೆರೆಯಲ್ಲ. ಗ್ಯಾಸ್ ಸುತ್ತುತ್ತೆ, ಆಯಿಲ್ ಎಲ್ಲೋ ಕೆಳಗೆ ಕೂತಿರುತ್ತೆ, ಕಂಪ್ರೆಸರ್ ಒಣಗಿ ಹೋಗುತ್ತೆ. ಅದಕ್ಕೆ ಎಲ್ಲ ಬಿಚ್ಚಿ ಫ್ಲಶ್ ಮಾಡಿ ಎಸ್ಟರ್ ಆಯಿಲ್ ಹಾಕ್ಬೇಕು. ಹಳೇ ರಬ್ಬರ್ ಪೈಪ್ ಕಣ್ಣಿಗೆ ಚೆನ್ನಾಗಿ ಕಂಡ್ರೂ 134ಎ ಅದರ ಗೋಡೆ ಮೂಲಕನೇ ಸೋರಿ ಹೋಗುತ್ತೆ, ಬ್ಯಾರಿಯರ್ ಹೋಸ್ ಅಂತ ಬರುತ್ತೆ ಅದೇ ಹಾಕ್ಸಿ. ಒಳಗಿನ ತೇವ ಹೀರೋ ಡ್ರೈಯರ್ ಬಾಟ್ಲಿ ಹೊಸದು, ಓ ರಿಂಗ್ ಎಲ್ಲ ಹೊಸದು. ಗ್ಯಾಸಿನ ಬಿಸಿ ಹೊರಗೆ ಬಿಡೋ ಕಂಡೆನ್ಸರ್ ಹಳೇದು ಟ್ಯೂಬ್ ಮತ್ತೆ ಫಿನ್ ಥರದ್ದು, ಆರ್-12ಗೆ ಸಾಕಾಗ್ತಿತ್ತು, 134ಎಗೆ ಬಿಸಿಲಲ್ಲಿ ಸಾಕಾಗಲ್ಲ, ಪ್ಯಾರಲಲ್ ಫ್ಲೋ ಕಂಡೆನ್ಸರ್ ಅದೇ ಅಳತೇಲಿ ಸಿಗುತ್ತೆ ಅದನ್ನ ಕೂರ್ಸಿ. ಗ್ರಿಲ್ ಹಿಂದೆ ಇರುತ್ತಲ್ಲ, ಹೊರಗಿಂದ ನೋಡಿದ್ರೆ ಯಾರಿಗೂ ಗೊತ್ತಾಗಲ್ಲ.

ಯಾರ್ಕ್ ಬಗ್ಗೆ ಹೇಳೋದಾದ್ರೆ, ಅದು ಎರಡು ಪಿಸ್ಟನ್ನಿಂದು, ಕೆಳಗೆ ತನ್ನದೇ ಆಯಿಲ್ ಸಂಪ್ ಇದೆ, ಗಟ್ಟಿ ಮಾಲು. ಸ್ವಲ್ಪ ನಡುಗುತ್ತೆ, ಶಬ್ದ ಇದೆ, ಈಗಿನ ಸ್ಯಾಂಡೆನ್ ಕಂಪ್ರೆಸರ್ ಥರ ನುಣ್ಣಗೆ ಓಡಲ್ಲ. ಆದ್ರೆ ಶಾಫ್ಟ್ ಸೀಲ್ ಬದಲಾಯಿಸಿದ್ರೆ ಇನ್ನೂ ಬಹಳ ವರ್ಷ ಬರುತ್ತೆ. ಆ ಸೀಲ್ ಕೆಡೋದೇ ಓಡಿಸದೆ ಇಟ್ಟು ಒಣಗಿಸಿದ್ರೆ. ಮಳೆಗಾಲದಲ್ಲೂ ವಾರಕ್ಕೊಂದ್ಸಲ ಹತ್ತು ನಿಮಿಷ ಆನ್ ಮಾಡಿ ಇಡಿ.

ಗ್ಯಾಸ್ ತುಂಬೋ ಮುಂಚೆ ಪಂಪಲ್ಲಿ ಒಳಗಿನ ಗಾಳಿ ಎಳೆದು ವ್ಯಾಕ್ಯೂಮ್ ಹಾಕುವಾಗ ಒಂದು ಮಾತು. ಪುಸ್ತಕದಲ್ಲಿ 29 ಇಂಚು ತೋರಿಸ್ಬೇಕು ಅಂತಿರುತ್ತೆ, ಅದು ಸಮುದ್ರ ಮಟ್ಟದ ಲೆಕ್ಕ. ತೀರ್ಥಹಳ್ಳಿ ಹತ್ರ ಹತ್ರ 600 ಮೀಟರ್ ಎತ್ತರದಲ್ಲಿದೆ, ಅಲ್ಲಿ ಎಷ್ಟೇ ಒಳ್ಳೆ ಪಂಪ್ ಇದ್ರೂ ಮುಳ್ಳು 28ರ ಒಳಗೇ ನಿಲ್ಲುತ್ತೆ. ಹುಡುಗ್ರು ಇದು ಗೊತ್ತಿಲ್ದೆ ಲೀಕ್ ಇದೆ ಅಂತ ಇಡೀ ದಿನ ಹುಡುಕ್ತಾರೆ. ಮುಳ್ಳು ಎಷ್ಟಕ್ಕೆ ಬಂತು ಅನ್ನೋದಕ್ಕಿಂತ ಪಂಪ್ ನಿಲ್ಲಿಸಿ ಒಂದು ಗಂಟೆ ಆದ್ಮೇಲೂ ಅಲ್ಲೇ ನಿಂತಿದ್ಯಾ ನೋಡಿ. ಗ್ಯಾಸ್ ತೂಕ ಮಾಡಿ ಹಾಕ್ಬೇಕು, ಆರ್-12 ಎಷ್ಟು ಬರೆದಿದ್ಯೋ ಅದರ 80ರಿಂದ 85 ಪರ್ಸೆಂಟ್ ಮಾತ್ರ. ಇಷ್ಟು ಹಳೇ ಸಿಸ್ಟಮಲ್ಲಿ ಪ್ರೆಶರ್ ಸ್ವಿಚ್ ಸಾಮಾನ್ಯವಾಗಿ ಇರಲ್ಲ, ಒಂದು ಸೇರ್ಸಿ. ಏಪ್ರಿಲ್ ಮಧ್ಯಾಹ್ನ ಹೈ ಸೈಡ್, ಅಂದ್ರೆ ಕಂಪ್ರೆಸರಿಂದ ಗ್ಯಾಸ್ ಹೊರಗೆ ಬರೋ ಕಡೆ ಪ್ರೆಶರ್, 250 ಪಿಎಸ್ಐ ದಾಟ್ತಿದ್ರೆ ಕಂಡೆನ್ಸರ್‌ಗೆ ಗಾಳಿ ಸಾಲ್ತಿಲ್ಲ ಅಂತ, ಫ್ಯಾನ್ ಸುತ್ತ ಇರೋ ಕವಚ, ಶ್ರೌಡ್ ಅಂತಾರೆ, ಅದು ಇದ್ಯಾ ಮೊದಲು ನೋಡಿ.

ಕಾರ್ಪೆಟ್ ಒದ್ದೆ ಆಗೋದು ನನ್ನ ಕೆಲಸ ಅಲ್ಲ, ಬಾಡಿ ಗೊತ್ತಿರೋರು ಹೇಳಲಿ.

ಸಾಗರ_ಟು_ಟೆಕ್ಸಾಸ್:

ನಾನು ಡಲ್ಲಾಸ್ ಕಡೆ ಹನ್ನೊಂದು ವರ್ಷ ಇದ್ದು ಈಗ ಸಾಗರಕ್ಕೆ ವಾಪಸ್ ಬಂದಿದೀನಿ, ಅಲ್ಲಿ ನನ್ನ ಹತ್ರ 1965ರ ಮಸ್ಟಾಂಗ್ ಇತ್ತು, ಪಕ್ಕದ ಮನೆಯವರದ್ದು 1967ರ ಪಾಂಟಿಯಾಕ್ ಜಿಟಿಓ ಕನ್ವರ್ಟಿಬಲ್, ಅದಕ್ಕೆ ಕಂಪನಿ ಎಸಿ. ಟಾಪ್ ಬಿಚ್ಚೋ ಕಾರಿಗೆ ಎಸಿ ಎಂತಕ್ಕೆ ಅಂತ ಕೇಳೋರು ಅಲ್ಲಿನ ಜುಲೈ ತಿಂಗಳ ಬಿಸಿಲು ನೋಡಿಲ್ಲ ಅಷ್ಟೆ. ಕಾರಿಗೆ ಎಸಿ 1940ರ ಮಾಡೆಲ್ ಪ್ಯಾಕಾರ್ಡ್‌ನಲ್ಲೇ ಬಂದಿತ್ತು, ಅದರ ಕೂಲಿಂಗ್ ಕಾಯಿಲ್ ಹಿಂದೆ ಡಿಕ್ಕಿ ಕಡೆ ಇರ್ತಿತ್ತು. ಅರವತ್ತರ ದಶಕದ ಹೊತ್ತಿಗೆ ಮಸಲ್ ಕಾರುಗಳಿಗೂ, ಅಂದ್ರೆ ದೊಡ್ಡ ಇಂಜಿನ್ನಿನ ಜೋರು ಕಾರುಗಳಿಗೂ, ಎಸಿ ಆಪ್ಷನ್ ಬಂತು, ಎಲ್ಲದಕ್ಕೂ ಅಲ್ಲ, ಕ್ರೈಸ್ಲರ್‌ನವರ 426 ಹೆಮಿ ಇಂಜಿನ್ ತಗೊಂಡ್ರೆ ಎಸಿ ಕೊಡ್ತಿರ್ಲಿಲ್ಲ. ಮಸ್ಟಾಂಗಲ್ಲಿ 1965, 66ಕ್ಕೆ ಡ್ಯಾಶ್ ಕೆಳಗೆ ನೇತು ಹಾಕೋ ಪೆಟ್ಟಿಗೆ, 1967ರಿಂದ ಡ್ಯಾಶ್ ಒಳಗೇ. ಹಾಗಾಗಿ ನಿಮ್ಮ ಕಾರಲ್ಲಿರೋ ಪೆಟ್ಟಿಗೆ ಆ ಎರಡು ವರ್ಷದ ಗುರುತು, ದಯವಿಟ್ಟು ಗುಜರಿಗೆ ಹಾಕ್ಬೇಡಿ. ಹೊಸ ಕಿಟ್ ಹಾಕ್ಸಿದ್ರೂ ಅದನ್ನ ಬಟ್ಟೆ ಸುತ್ತಿ ಅಟ್ಟದ ಮೇಲಿಡಿ.

ಆದ್ರೆ ನಂಗೆ ನಿಮ್ಮ ಎಸಿಗಿಂತ ಆ ಒದ್ದೆ ಕಾರ್ಪೆಟ್ಟಿಂದೇ ಚಿಂತೆ. ಅದು 1965ರಿಂದ 68ರ ಮಸ್ಟಾಂಗ್‌ಗಳ ಹುಟ್ಟು ಕಾಯಿಲೆ. ಮುಂದಿನ ಗ್ಲಾಸ್ ಕೆಳಗೆ, ಬಾನೆಟ್ ಮುಗಿಯೋ ಜಾಗದಲ್ಲಿ ಸೀಳು ಸೀಳು ಜಾಲರಿ ಇದ್ಯಲ್ಲ, ಅದನ್ನ ಕೌಲ್ ಅಂತಾರೆ. ಒಳಗೆ ಒಂದು ಉದ್ದ ತಗಡಿನ ದೋಣಿ ಇರ್ತದೆ. ಮಳೆ ನೀರು ಅದರೊಳಗೆ ಬಿದ್ದು ಎರಡೂ ಪಕ್ಕಕ್ಕೆ ಹರಿದು ಕೆಳಗೆ ಹೋಗ್ಬೇಕು. ಅದೇ ದೋಣಿ ತಳದಲ್ಲಿ ಒಳಗೆ ಗಾಳಿ ಬರೋಕೆ ಎರಡು ತೂತು, ಬಲಗಡೇದು ಹೀಟರ್‌ಗೆ, ಎಡಗಡೇದು ಡ್ರೈವರ್ ಕಾಲಿಗೆ. ತೂತಿನ ಸುತ್ತ ನೀರು ಒಳಗೆ ಹೋಗದ ಹಾಗೆ ಟೋಪಿ ಥರ ಎತ್ತರದ ಕಂಠ ಇದೆ. ಎಲೆ, ಮಣ್ಣು ಬಿದ್ದು ದೋಣಿ ಕಟ್ಕೊಂಡ್ರೆ ನೀರು ನಿಲ್ತದೆ, ಆ ಕಂಠದ ಬುಡದಲ್ಲಿ ತುಕ್ಕು ಹಿಡೀತದೆ, ಆಮೇಲೆ ಪ್ರತಿ ಮಳೆಗೂ ನೀರು ನೇರ ಕಾಲ ಮೇಲೆ. ಟೆಕ್ಸಾಸಲ್ಲೇ ನನ್ನ ಕಾರಿಗೆ ಹೀಗಾಗಿತ್ತು, ಇನ್ನು ನಿಮ್ಮ ಕಡೆ ಕೇಳ್ಬೇಕಾ. ಶೆಡ್ ಪಕ್ಕ ಹಲಸಿನ ಮರ, ಮಾವಿನ ಮರ ಏನಾದ್ರೂ ಇದ್ಯಾ?

ಪರೀಕ್ಷೆ ಸುಲಭ. ಕಾರ್ಪೆಟ್ ಎತ್ತಿ ಒಬ್ರು ಬ್ಯಾಟರಿ ಹಿಡ್ಕೊಂಡು ಡ್ಯಾಶ್ ಕೆಳಗೆ ತಲೆ ಹಾಕಿ ಮಲಗ್ಲಿ, ಇನ್ನೊಬ್ರು ಕೊಡದಲ್ಲಿ ನಿಧಾನ ಆ ಜಾಲರಿ ಮೇಲೆ ನೀರು ಹೊಯ್ಯಿ. ಬಲಗಡೆ ಹೀಟರ್ ಪೆಟ್ಟಿಗೆಯೂ ಇರೋದ್ರಿಂದ ಅದರ ನೀರೂ ಇರಬಹುದು, ಬೆರಳಿಗೆ ಅಂಟಂಟು, ಸಿಹಿ ವಾಸನೆ ಬಂದ್ರೆ ಅದು ಕೂಲೆಂಟ್, ಬರೀ ನೀರಾದ್ರೆ ಕೌಲ್.

ತುಂಗಾತೀರ66:

ಸಾರ್ ಹಲಸಿನ ಮರ ಶೆಡ್ ತಲೆ ಮೇಲೇ ಇದೆ. ನಾಳೆ ನೋಡ್ತೀನಿ. ಒಂದು ಪಕ್ಷ ಕೌಲೇ ಆದ್ರೆ, ಈಗ ಎಸಿ ಮುಗಿಸಿ ಅದನ್ನ ಮಳೆಗಾಲ ಕಳೆದ ಮೇಲೆ ಮಾಡ್ಬಹುದಾ? ದೊಡ್ಡಪ್ಪಂಗೆ ಯುಗಾದಿಯೊಳಗೆ ಎಸಿ ಓಡೋದು ನೋಡ್ಬೇಕಂತೆ.

ಟಿಂಕರಿಂಗ್_ಹೊಸನಗರ:

ಮಾರಾಯ್ರೆ ಹಾಗೆ ಮಾಡ್ಬೇಡಿ. ಎಸಿ ಪೆಟ್ಟಿಗೆ, ಪೈಪು, ವೈರು ಎಲ್ಲ ಕೂರ್ಸಿ ಆದ್ಮೇಲೆ ಕೌಲ್ ವೆಲ್ಡಿಂಗಿಗೆ ಮತ್ತೆ ಎಲ್ಲ ಬಿಚ್ಬೇಕು, ಗ್ಯಾಸ್ ಇರೋ ಪೈಪ್ ಹತ್ರ ಬೆಂಕಿ ಹಿಡಿಯೋ ಹಾಗಿಲ್ಲ. ಈ ಫ್ರಿಜ್ ಗ್ಯಾಸ್ ಬೆಂಕಿಗೆ ಸಿಕ್ರೆ ವಿಷ ಆಗ್ತದೆ, ಮೂಗು ಗಂಟಲು ಉರಿ ಅಂತ ಅಂದ್ಕೊಳ್ಳೋದ್ರೊಳಗೆ ಶ್ವಾಸಕೋಶಕ್ಕೆ ಹೋಗಿರ್ತದೆ. ಮೊದಲು ತಗಡು, ಆಮೇಲೆ ಗ್ಯಾಸು.

ನಾನು ಮಸ್ಟಾಂಗ್ ಮುಟ್ಟಿಲ್ಲ, ಅಂಬಾಸಿಡರ್ ಬೇಕಾದಷ್ಟು ಮಾಡಿದೀನಿ. ಎರಡಕ್ಕೂ ಜೀಪಿನ ಥರ ಬೇರೆ ಚಾಸಿಸ್ ಇಲ್ಲ, ಬಾಡಿನೇ ಚಾಸಿಸ್ಸು. ಅಂಬಾಸಿಡರಿಗಾದ್ರೆ ಮೇಲೆ ಟಾಪಿನ ತಗಡು ಹಿಡ್ಕೊಂಡಿರ್ತದೆ. ನಿಮ್ಮದು ಟಾಪ್ ಇಲ್ಲದ ಗಾಡಿ, ಪೂರ್ತಿ ಭಾರ ಫ್ಲೋರು ಮತ್ತೆ ಬಾಗಿಲ ಕೆಳಗಿನ ಬಾಕ್ಸ್ ಮೇಲೆ. ಕಾರ್ಪೆಟ್ ಒದ್ದೆ ಅಂದ್ರೆ ಕೆಳಗೆ ತಗಡು ಹೇಗಿದೆ ಅಂತ ನಂಗೆ ಇಲ್ಲಿಂದ್ಲೇ ಕಾಣ್ತದೆ. ಸ್ಕ್ರೂಡ್ರೈವರ್ ಹಿಂಭಾಗದಿಂದ ಫ್ಲೋರ್ ಮೇಲೆ ತಟ್ತಾ ಹೋಗಿ, ಟಣ್ ಅಂದ್ರೆ ಗಟ್ಟಿ, ಡಬ್ ಅಂದ್ರೆ ಮೇಲೆ ಬರೀ ಪೇಂಟು, ಒಳಗೆ ಪುಡಿ. ಬಾಗಿಲ ಕೆಳಗಿನ ಬಾಕ್ಸಿಗೂ ಹಾಗೇ ತಟ್ಟಿ.

ಫ್ಲೋರ್ ಕಟ್ ಮಾಡ್ಬೇಕಾಗಿ ಬಂದ್ರೆ ಕಟ್ಟರ್ ಹಿಡಿಯೋ ಮುಂಚೆ ಎರಡೂ ಬಾಗಿಲ ಜಾಗಕ್ಕೆ ಅಡ್ಡ ಒಂದೊಂದು ಕಬ್ಬಿಣದ ಪೈಪ್ ವೆಲ್ಡ್ ಮಾಡಿ ಬಿಗೀರಿ, ಒಂದು ಬಾಗಿಲಿಂದ ಇನ್ನೊಂದು ಬಾಗಿಲಿಗೂ ಒಂದು. ಇಲ್ದಿದ್ರೆ ಗಾಡಿ ನಡು ಬಗ್ತದೆ, ಹೊಸ ತಗಡು ಹಾಕಿ ವೆಲ್ಡ್ ಮಾಡಿದ್ಮೇಲೆ ಬಾಗಿಲು ಹಾಕಕ್ಕೆ ಬರಲ್ಲ, ಅದನ್ನ ಸರಿ ಮಾಡಕ್ಕೆ ಯಾರ ಕೈಲೂ ಆಗಲ್ಲ. ಕಲಿಯೋ ಕಾಲದಲ್ಲಿ ನಾನಿದ್ದ ಗ್ಯಾರೇಜಲ್ಲಿ ಒಂದು ಟಾಪ್ ಇಲ್ಲದ ಗಾಡಿಗೆ ಹಾಗಾಗಿದ್ದು ಕಣ್ಣಾರೆ ನೋಡಿದೀನಿ, ಓನರ್ ಬಾಗಿಲು ಎಳೀತಾ ನಿಂತಿದ್ರು, ಯಾರೂ ಮಾತಾಡ್ಲಿಲ್ಲ. ಒಂದ್ಸಲಕ್ಕೆ ಒಂದೇ ಕಡೆ ಕಟ್ ಮಾಡಿ, ಗಾಡಿ ಜಾಕಿ ಮೇಲಲ್ಲ, ನಾಲ್ಕೂ ಚಕ್ರ ನಿಲ್ಲೋ ಹಾಗೆ ಸಮ ಜಾಗದಲ್ಲಿ ಇರ್ಲಿ, ಬಾಗಿಲ ಸಂದು ದಿನಾ ಅಳೀತಾ ಇರಿ.

ಅಡಿಗೆ ಡಾಂಬರು ಥರದ ಕೋಟಿಂಗ್ ಬಳಿಸ್ಬೇಡಿ, ನಮ್ಮ ಹವಾಕ್ಕೆ ಅದು ಆಗಲ್ಲ, ಬಿರುಕಲ್ಲಿ ನೀರು ಹೋಗಿ ಒಳಗೇ ಕೂರ್ತದೆ. ಸತುವಿನ ಪ್ರೈಮರ್, ಜೋಡಣೆಗೆಲ್ಲ ಸೀಲೆಂಟ್, ಬಾಕ್ಸ್ ಒಳಗೆ ಮೇಣದ ಥರದ್ದು ಸ್ಪ್ರೇ ಬರ್ತದೆ ಅದು. ಬಾಕ್ಸ್ ಕೆಳಗಿನ ನೀರು ಹೋಗೋ ತೂತು ಮುಚ್ಚಿಬಿಡ್ಬೇಡಿ ಮತ್ತೆ.

ಆಗುಂಬೆ_ರೋಡ್:

ಎಲ್ರೂ ತಂಪಿನ ಲೆಕ್ಕದಲ್ಲೇ ಮಾತಾಡ್ತಿದೀರಿ, ನಾನು ಬೇರೆ ಹೇಳ್ಬೇಕು. ನಮ್ಮನೆ ಆಗುಂಬೆ ಹತ್ರ, ಟಾರ್ಪಲ್ ಟಾಪ್ ಜೀಪಲ್ಲಿ ಮಕ್ಕಳನ್ನ ಶಾಲೆಗೆ ಬಿಟ್ಟು ಬಂದವಳು ನಾನು. ಇಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಮೇಲೆ ಮಳೆ. ಜುಲೈಯಲ್ಲಿ ಟಾಪ್ ಹಾಕಿದ ಗಾಡೀಲಿ ನಾಲ್ಕು ಜನ ಒದ್ದೆ ಬಟ್ಟೇಲಿ ಕೂತ್ರೆ ಎರಡೇ ನಿಮಿಷ, ಗ್ಲಾಸ್ ಒಳಗಿಂದ ಬೆಳ್ಳಗಾಗ್ತದೆ. ಒಂದು ಕೈಯಲ್ಲಿ ಸ್ಟೇರಿಂಗು, ಒಂದು ಕೈಯಲ್ಲಿ ಬಟ್ಟೆ, ಎದುರಿಂದ ಬಸ್ಸು. ಆ ಹೆದರಿಕೆ ಅನುಭವಿಸಿದೋರಿಗೇ ಗೊತ್ತು. ಈಗಿನ ಕಾರಲ್ಲಿ ಎಸಿ ಹಾಕಿದ ತಕ್ಷಣ ಗ್ಲಾಸ್ ಬಿಡ್ತದೆ, ಯಾಕಂದ್ರೆ ಎಸಿ ಗಾಳೀಲಿರೋ ನೀರನ್ನ ಹಿಂಡಿ ತೆಗೀತದೆ. ಮಲ್ನಾಡಲ್ಲಿ ಎಸಿ ಬೇಕಾಗಿರೋದು ಬಿಸಿಲಿಗಿಂತ ಮಳೆಗೆ. ನಿಮ್ಮ ದೊಡ್ಡಮ್ಮ ಆ ಕಾಲಕ್ಕೇ ಸರಿಯಾಗಿ ಕೇಳಿದ್ದಾರೆ.

ಅದಕ್ಕೆ ನಂದೊಂದು ಪ್ರಶ್ನೆ, ಆ ನೇತು ಹಾಕಿದ ಪೆಟ್ಟಿಗೆ ಗಾಳಿ ಗ್ಲಾಸಿಗೆ ಬಡೀತದಾ?

ಸಾಗರ_ಟು_ಟೆಕ್ಸಾಸ್:

ಒಳ್ಳೆ ಪ್ರಶ್ನೆ ಮೇಡಂ. ಇಲ್ಲ, ಅದು ಒಳಗಿನ ಗಾಳೀನೇ ಎಳ್ಕೊಂಡು ತಣ್ಣಗೆ ಮಾಡಿ ಎದೆ ಮಟ್ಟಕ್ಕೆ ಬಿಡ್ತದೆ, ಗ್ಲಾಸಿಗೆ ಹೋಗೋದು ಹೀಟರ್ ಪೆಟ್ಟಿಗೆ ಗಾಳಿ ಮಾತ್ರ. ಆದ್ರೂ ಉಪಯೋಗ ಇದೆ, ಎಸಿ ಒಳಗಿನ ಗಾಳಿ ಒಣಗಿಸ್ತದೆ, ಹೀಟರನ್ನ ಗ್ಲಾಸ್ ಕಡೆ ತಿರುಗಿಸಿ ಎರಡೂ ಒಟ್ಟಿಗೆ ಹಾಕಿದ್ರೆ ಮಂಜು ಬಿಡ್ತದೆ, ನಾನು ಹಾಗೇ ಮಾಡ್ತಿದ್ದೆ. ಹೊಸ ಕಿಟ್ಟಿನ ಲಾಭ ಇರೋದೇ ಇಲ್ಲಿ. ಟೆಕ್ಸಾಸಿನ ಸ್ಯಾನ್ ಆಂಟೋನಿಯೋದ ವಿಂಟೇಜ್ ಏರ್ ಥರದವರ ಕಿಟ್ಟಲ್ಲಿ ಹೀಟರು ಎಸಿ ಎರಡೂ ಒಂದೇ ಪೆಟ್ಟಿಗೆ, ಡ್ಯಾಶ್ ಹಿಂದೆ ಕಾಣದ ಹಾಗೆ ಕೂರ್ತದೆ, ಒಣ ಗಾಳಿ ನೇರ ಗ್ಲಾಸಿಗೆ. ದಿನಾ ಮಳೇಲಿ ಓಡಿಸೋ ಗಾಡಿ ಆಗಿದ್ರೆ ನಾನು ಅದೇ ಹಾಕ್ಸಿ ಅಂತಿದ್ದೆ. ವರ್ಷಕ್ಕೆ ಹತ್ತು ಸಲ, ದೊಡ್ಡಪ್ಪ ದೊಡ್ಡಮ್ಮನ ಜೊತೆ ಹೋಗೋ ಗಾಡಿಗೆ ಅವರಿಗೆ ಗುರುತಿರೋ ಪೆಟ್ಟಿಗೇನೇ ಇರ್ಲಿ ಅನ್ನೋದು ನನ್ನ ಅಭಿಪ್ರಾಯ. ಒಳಗೆ ಬೇಕಿದ್ರೆ ಹೊಸ ಕಾಯಿಲ್ ಹಾಕ್ಸಿ.

ಒಂದು ಎಚ್ಚರಿಕೆ, ಆ ಪೆಟ್ಟಿಗೆ ಕೆಳಗಿಂದ ನೀರು ಹೊರಗೆ ಹೋಗೋಕೆ ಸಣ್ಣ ಪೈಪ್ ಇದೆ, ಫ್ಲೋರ್ ತೂತಿಂದ ಹೊರಗೆ. ನಮ್ಮ ಹವಾಕ್ಕೆ ಗಂಟೆಗೆ ಹತ್ರ ಹತ್ರ ಒಂದು ಚೊಂಬು ನೀರು ಬರ್ತದೆ. ಅದು ಕಟ್ಕೊಂಡ್ರೆ ಕೌಲ್ ರಿಪೇರಿ ಮಾಡಿದ್ದೂ ವ್ಯರ್ಥ, ಅದೇ ಜಾಗ ಮತ್ತೆ ಕೊಳೀತದೆ.

ಶಿವಮೊಗ್ಗ_ಕೂಲಿಂಗ್:

ಅದರ ಜೊತೆ ಇನ್ನೊಂದು. ಥರ್ಮೋಸ್ಟಾಟಿಂದು ಕೂದಲಿನಷ್ಟು ಸಣ್ಣ ತಾಮ್ರದ ನಳಿಕೆ ಕಾಯಿಲ್ ಫಿನ್ ಮಧ್ಯೆ ಹೊಕ್ಕಿರ್ಬೇಕು. ಅದು ಹೊರಗೆ ಬಂದಿದ್ರೆ ಕಂಪ್ರೆಸರ್ ನಿಲ್ಲೋದೇ ಇಲ್ಲ, ನಮ್ಮ ತೇವಕ್ಕೆ ಕಾಯಿಲ್ ಮೇಲೆ ಐಸ್ ಗಡ್ಡೆ ಕಟ್ಟಿ ಗಾಳಿನೇ ಬರಲ್ಲ, ಗ್ಯಾಸ್ ಕಮ್ಮಿ ಆಗಿದೆ ಅಂತ ಮತ್ತೆ ತುಂಬಿಸ್ತಾರೆ. ಆಲ್ಟರ್ನೇಟರೂ ನೋಡ್ಕೊಳ್ಳಿ, ಹಳೇದು ಕಮ್ಮಿ ಆಂಪಿಂದಾದ್ರೆ ರಾತ್ರಿ ಮಳೇಲಿ ಹೆಡ್‌ಲೈಟು, ವೈಪರು, ಬ್ಲೋವರು, ಕಂಪ್ರೆಸರ್ ಕ್ಲಚ್ಚು ಎಲ್ಲ ಒಟ್ಟಿಗೆ ತಡ್ಕೊಳ್ಳಲ್ಲ. ಸೋಮೇಶ್ವರದಿಂದ ಆಗುಂಬೆ ಘಾಟಿ ಹತ್ತುವಾಗ ಎಸಿ ಆಫ್ ಮಾಡ್ಬಿಡಿ, 14 ತಿರುವು ಮುಗಿದ್ಮೇಲೆ ಹಾಕಿ.

ಹಳೇಗಾಡಿ_ಭದ್ರಾವತಿ:

ರಿಜಿಸ್ಟ್ರೇಷನ್ ಬಗ್ಗೆ ಯಾರೂ ಹೇಳ್ಲಿಲ್ಲ ಅಂತ ಬರೀತಿದೀನಿ. 2021ರಲ್ಲಿ ಬಂದ ನಿಯಮದ ಪ್ರಕಾರ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರೋ ಗಾಡಿನ ವಿಂಟೇಜ್ ಅಂತ ನೋಂದಾಯಿಸ್ಬಹುದು, ನಂಬರ್ ಪ್ಲೇಟಲ್ಲಿ ವಿಎ ಅಂತ ಬರುತ್ತೆ, ಫೀಸು 20,000, ಹತ್ತು ವರ್ಷಕ್ಕೆ. ಆದ್ರೆ ಅದನ್ನ ದಿನನಿತ್ಯ ಓಡಿಸೋ ಹಾಗಿಲ್ಲ, ಶೋ, ರ‍್ಯಾಲಿ ಥರದ್ದಕ್ಕೆ ಮಾತ್ರ. ಚಾಸಿಸ್, ಬಾಡಿ ಶೆಲ್, ಇಂಜಿನ್ ಬದಲಾವಣೆ ಮಾಡಿದ್ರೆ ಆಗಲ್ಲ. ನಿಮ್ಮ ಹಳೇ ಆರ್‌ಸಿ ಚಾಲ್ತಿಲಿದ್ರೆ ಅವಸರ ಮಾಡ್ಬೇಡಿ, ಟಿಂಕರಿಂಗ್ ಶುರು ಮಾಡೋ ಮುಂಚೆ ಎಲ್ಲ ಕಡೆಯಿಂದ ಫೋಟೋ ತೆಗೆದಿಡಿ.

ತುಂಗಾತೀರ66:

ಮೂರು ದಿನ ಬಿಟ್ಟು ಬರೀತಿದೀನಿ. ಕೊಡದ ಪರೀಕ್ಷೆ ಮಾಡಿದ್ವಿ, ತಮ್ಮ ಮೇಲಿಂದ ನೀರು ಹೊಯ್ದ, ನಾನು ಕೆಳಗೆ ಮಲ್ಕೊಂಡೆ. ಅರ್ಧ ಕೊಡ ಆಗೋದ್ರೊಳಗೆ ಹೀಟರ್ ಪೆಟ್ಟಿಗೆ ಮೇಲಿಂದ ದಾರದ ಥರ ನೀರು ಇಳೀತು, ಎಡಗಡೆಯೂ ತೊಟ್ಟಿಕ್ತು. ಬರೀ ನೀರೇ, ಅಂಟಿಲ್ಲ. ಆಮೇಲೆ ಜಾಲರಿ ಸೀಳಿಂದ ಬಗ್ಗಿದ ತಂತಿ ಹಾಕಿ ಎಳೆದ್ವಿ, ಕಪ್ಪಗೆ ಕೊಳೆತ ಹಲಸಿನ ಎಲೆ, ಅದರ ಕೆಳಗೆ ಇಲಿ ಗೂಡು, ಗೂಡು ಪೂರ್ತಿ ಅಡಿಕೆ ಸಿಪ್ಪೆ ನಾರಿಂದು. ಒಂದು ಬುಟ್ಟಿ ಆತು. ಫ್ಲೋರ್ ತಟ್ಟಿ ನೋಡ್ದೆ, ಎಡಗಡೆ ಟಣ್ ಅಂತದೆ, ಬಲಗಡೆ ಮುಂದೆ ಒಂದು ಊಟದ ತಟ್ಟೆಯಷ್ಟು ಜಾಗ ಡಬ್ ಅಂತದೆ. ಬಾಗಿಲ ಕೆಳಗಿನ ಬಾಕ್ಸ್ ಎರಡೂ ಗಟ್ಟಿ ಇವೆ, ಅಷ್ಟು ಸಮಾಧಾನ.

ದೊಡ್ಡಪ್ಪನ ಹತ್ರ ಕೂತು ಎಲ್ಲ ಓದಿ ಹೇಳ್ದೆ. ಆಗುಂಬೆ ಅಕ್ಕ ಬರೆದಿದ್ದು ಕೇಳಿ ದೊಡ್ಡಮ್ಮ ಒಳಗಿಂದ ಬಂದು, 1987ರ ಮಳೇಲಿ ಮೇಗರವಳ್ಳಿ ದಾಟಿದ್ಮೇಲೆ ಗ್ಲಾಸ್ ಕಾಣದೆ ಗಾಡಿ ನಿಲ್ಸಿ ನನ್ನ ಸೆರಗಲ್ಲಿ ಒರೆಸಿದ್ರಿ, ನೆನಪಿದ್ಯಾ ಅಂತ ದೊಡ್ಡಪ್ಪನ್ನ ಕೇಳಿದ್ರು. ಯುಗಾದಿಗೆ ಆಗದಿದ್ರೂ ಪರ್ವಾಗಿಲ್ಲ, ಮೊದಲು ತಗಡೇ ಆಗ್ಲಿ ಅಂತ ದೊಡ್ಡಪ್ಪ ಒಪ್ಪಿದ್ರು. ಯಾರ್ಕ್ ಕಂಪ್ರೆಸರೂ ಪೆಟ್ಟಿಗೆಯೂ ಇರ್ತವೆ, ಕಂಡೆನ್ಸರ್, ಹೋಸ್, ಡ್ರೈಯರ್ ಹೊಸದು. ಹೊಸನಗರದ ಅಣ್ಣ, ನಿಮಗೆ ಪರ್ಸನಲ್ ಮೆಸೇಜ್ ಹಾಕಿದೀನಿ, ಪೈಪ್ ಬಿಗಿಯೋ ದಿನ ನೀವೇ ಬಂದು ನಿಂತ್ರೆ ಧೈರ್ಯ. ಶೆಡ್ಡಿಂದ ಗಾಡಿ ಹೊರಗೆ ತಂದು ಅಂಗಳದಲ್ಲಿ ನಿಲ್ಸಿದೀವಿ, ಹಲಸಿನ ಮರದಿಂದ ದೂರ.

ಟಿಂಕರಿಂಗ್_ಹೊಸನಗರ:

ಮೆಸೇಜ್ ನೋಡ್ದೆ. ಭಾನುವಾರ ಬೆಳಿಗ್ಗೆ ಬರ್ತೀನಿ. ಒಂದೂವರೆ ಇಂಚಿನ ಚೌಕ ಪೈಪು ಎರಡು ಲೆಂತ್ ತಂದಿಡಿ, ಬ್ಯಾಟರಿ ಕನೆಕ್ಷನ್ ತೆಗೆದಿಡಿ, ಅಂಗಳ ಸಮ ಇಲ್ದಿದ್ರೆ ಹಲಗೆ ಕೊಟ್ಟು ಮಟ್ಟ ಮಾಡಿಡಿ.